ಕಾಯಿನೀರಿನ ಜಂಗು

ಒಂದು ಬೋಲ್ಟು ಬಿಚ್ಚಿಬರಲಿಲ್ಲ ಎಂಬುದನ್ನು ಕಥೆಯೆಂದು ಹೇಳಲು ಹೊರಟಿದ್ದೇನೆ, ಓದುವವರು ಮನ್ನಿಸಬೇಕು. ಇದರಲ್ಲಿ ಯಾರಿಗೂ ಹೇಳಿಕೊಳ್ಳುವಂಥ ಪೆಟ್ಟಾಗುವುದಿಲ್ಲ, ಯಾರೂ ಮನೆ ಬಿಟ್ಟು ಹೋಗುವುದಿಲ್ಲ. ಒಬ್ಬ ಮನುಷ್ಯ ಮೆಕ್ಯಾನಿಕನ ಎದುರು ಒಂದು ಮಾತಾಡಿದ, ಅಷ್ಟೆ. ಇಷ್ಟು ಸಣ್ಣದನ್ನು ಬರೆದು ಬೇರೆಯವರ ಹೊತ್ತು ಕಳೆಯಬಹುದೇ ಎಂದು ಅಳುಕುತ್ತಲೇ ಬರೆಯುತ್ತಿದ್ದೇನೆ. ಗೌರೀಶನಿಗೆ ಅದು ಸಣ್ಣದಾಗಿರಲಿಲ್ಲ ಎಂಬುದೊಂದೇ ನನ್ನ ಸಮಜಾಯಿಷಿ.

ತಿರ್ಲಾಪುರದಿಂದ ನವಲಗುಂದಕ್ಕೆ ಹೋಗುವ ದಾರಿಯಲ್ಲಿ ಗೌರೀಶನನ್ನು ಗಾಲಿಯ ಅಲುಗಾಟಕ್ಕಿಂತ ಹೆಚ್ಚಾಗಿ ಕಾಡುತ್ತಿದ್ದುದು ಒಂದು ಹಿಡಿ ಮಣ್ಣು. ಗಾಲಿ ಅಲ್ಲಾಡುತ್ತಿದ್ದುದು ನಿಜ. ತಿರುವಿನಲ್ಲಿ ಬೈಕಿನ ಹಿಂಭಾಗ ಮುಂಭಾಗದ ಮಾತು ಕೇಳದೆ ತನ್ನ ದಾರಿ ತಾನು ನೋಡಿಕೊಳ್ಳುತ್ತಿತ್ತು. ಹಿಂದೆ ಕುಳಿತ ಅತ್ತೆ ಶಿವಗಂಗವ್ವ ಅವನ ಹೆಗಲು ಹಿಡಿಯದೆ, ಎಂದಿನಂತೆ, ಸೀಟಿನ ಹಿಂದಿನ ಕಬ್ಬಿಣ ಹಿಡಿದಿದ್ದಳು. ಆದರೆ ಅವನ ಮನಸ್ಸೆಲ್ಲ ಎಡಗಾಲಿನ ಹತ್ತಿರ, ಫುಟ್‌ರೆಸ್ಟಿನ ಹಿಂದೆ, ಆ ಉದ್ದ ಬೋಲ್ಟಿನ ತಲೆಯ ಮೇಲೆ ಅವನೇ ಮೆತ್ತಿದ್ದ ಎರೆಮಣ್ಣಿನ ಮೇಲಿತ್ತು. ಒಣಗಿ ಉದುರಿಬಿಟ್ಟಿದ್ದರೆ? ಉದುರಿದರೆ ಒಳಗಿನ ಹೊಸ ಹೊಳಪು ಕಾಣುತ್ತದೆ. ಇಷ್ಟು ಹಳೆಯ ಗಾಡಿಯಲ್ಲಿ ಅಷ್ಟು ಹೊಳೆಯುವ ಜಾಗ ಇನ್ನೊಂದಿರಲಿಲ್ಲ. ಬಗ್ಗಿ ನೋಡಬೇಕೆನಿಸಿತು, ಬಗ್ಗಿದರೆ ಅತ್ತೆಯೂ ಬಗ್ಗಿ ನೋಡುತ್ತಾಳೆ.

"ಗಾಡಿ ಟೊಂಕಾ ಅಳ್ಳಾಡಸಾಕತ್ತೈತ್ರಿ ಗೌರೀಶಪ್ಪಾರ," ಎಂದಳು ಶಿವಗಂಗವ್ವ ಗಾಳಿಗೆ ದನಿ ಎತ್ತಿ. "ಮುಂದ ಕುಂತವ್ರಿಗೆ ಗೊತ್ತಾಗೂದಿಲ್ಲ. ಹಿಂದ ಕುಂತಾಕಿಗೆ ಗೊತ್ತು."

"ಬುಶ್ ಹಾಕಿಸಿದ್ರ ಸರಿ ಹೋಗತೈತ್ರಿ ಅತ್ತಿ."

ಆಕೆ ಅವನಿಗೆ ಎಂದೂ ಏಕವಚನ ಬಳಸಿದವಳಲ್ಲ. ಮದುವೆಯಾಗಿ ಮನೆಯಳಿಯನಾಗಿ ಬಂದ ದಿನದಿಂದ ಗೌರೀಶಪ್ಪಾರ, ಊಟಾ ಮಾಡ್ರಿ, ಕುಂದ್ರಿ. ತೀರಿಹೋದ ಮಾವ ಈರಪ್ಪನೂ ಹಾಗೆಯೇ ಇದ್ದ. ಈ ಗಾಡಿ ಈರಪ್ಪನದು. ಅದರ ಚೈನಿಗೆ ಎಣ್ಣೆ ಹಾಕಲು ಗೌರೀಶ ಹೋದರೆ "ಇರ್ಲಿ ಬಿಡ್ರಿ, ನಿಮ್ಮ ಅಂಗಿ ಹೊಲಸಾಗತೈತಿ" ಎಂದು ಡಬ್ಬಿ ಕಿತ್ತುಕೊಳ್ಳುತ್ತಿದ್ದ. ಆ ಮರ್ಯಾದೆಗೆ ಏನು ಉತ್ತರ ಹೇಳಬೇಕೆಂದು ಗೌರೀಶನಿಗೆ ತಿಳಿಯುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಹಗಲು ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಚಿ, ಸಂಜೆ ಕಾಲೇಜಿನ ಕೊನೆಯ ಬೆಂಚಿನಲ್ಲಿ ತೂಕಡಿಸಿ ಪಡೆದ ಡಿಗ್ರಿ ಅವನದು. ಅದರಿಂದ ನವಲಗುಂದದ ಹೈಸ್ಕೂಲೊಂದರಲ್ಲಿ ಕಾರಕೂನನಾದ. ಊರಲ್ಲಿ ಮಾತ್ರ ಕಲಿತ ಅಳಿಯನಾದ. ಕಲಿತವನು ಎಂದರೆ ಕೈಯಿಂದ ಏನೂ ಆಗದವನು ಎಂದು ಅವನಿಗೆ ಕೇಳಿಸುತ್ತಿತ್ತು. ಯಾರೂ ಹಾಗೆ ಅಂದಿರಲಿಲ್ಲ. ಅನ್ನದೆ ಇದ್ದದ್ದೇ ಹೆಚ್ಚು ಕೇಳಿಸುತ್ತಿತ್ತು.

ಅದಕ್ಕೇ ಅಲ್ಲವೇ ರವಿವಾರ ಹಿತ್ತಲಲ್ಲಿ ಅಂಗಿ ಕಳೆದು, ಗೋಣಿಚೀಲ ಹಾಸಿಕೊಂಡು, ಗಾಡಿಯ ಬಾಜು ಮಲಗಿದ್ದು. ಹಿಂದಿನ ಗಾಲಿಯನ್ನು ಎರಡೂ ಕಡೆಯಿಂದ ಹಿಡಿದಿರುವ ಕಬ್ಬಿಣದ ಕವೆ, ಮೆಕ್ಯಾನಿಕರು ಅದಕ್ಕೆ ಚಿಮಟಾ ಎನ್ನುತ್ತಾರೆ. ಆ ಚಿಮಟಾದ ಬುಡದಲ್ಲಿ ಈ ಕಡೆಯಿಂದ ಆ ಕಡೆಗೆ ಹಾದುಹೋದ ಒಂದು ಉದ್ದ ಬೋಲ್ಟು. ಎಡಕ್ಕೆ ಬೋಲ್ಟಿನ ತಲೆ, ಬಲಕ್ಕೆ ನಟ್ಟು. ಅದನ್ನು ಎಳೆದು ತೆಗೆದರೆ ಸವೆದ ಬುಶ್, ಬೋಲ್ಟಿನ ಸುತ್ತ ಕೂರುವ ಸಣ್ಣ ಕೊಳವೆ, ಕೈಗೆ ಬರುತ್ತದೆ ಎಂದು ಮೊಬೈಲಿನ ವಿಡಿಯೋದಲ್ಲಿ ಒಬ್ಬ ಮನುಷ್ಯ ನಗುನಗುತ್ತ ತೋರಿಸಿದ್ದ. ಅವನು ಪಾನಾ, ಎಂದರೆ ಸ್ಪ್ಯಾನರು, ಮೇಲ್ಮುಖವಾಗಿ ಹಿಡಿದು ಹಿಂದಿನ ಗಾಲಿಯ ಕಡೆಗೆ ಒತ್ತಿದ, ಬೋಲ್ಟು ಸಡಿಲಾಯಿತು. ಗೌರೀಶನೂ ಹಾಗೆಯೇ ಒತ್ತಿದ. ಕೈಯಿಂದ ಆಗದಿದ್ದಾಗ ಎದ್ದು ನಿಂತು ಕಾಲಿನಿಂದ ಅದೇ ದಿಕ್ಕಿಗೆ ಒದ್ದ. ಮನೆಯಲ್ಲಿದ್ದದ್ದು ಬಾಯಿ ಹಿರಿದು ಕಿರಿದು ಮಾಡುವ ಪಾನಾ. ಅದು ಜಾರಿತು, ಮತ್ತೆ ಬಿಗಿಮಾಡಿ ಒತ್ತಿದ, ಮತ್ತೆ ಜಾರಿತು. ಒಂದೊಂದು ಸಲ ಜಾರಿದಾಗಲೂ ಬೋಲ್ಟಿನ ತಲೆಯ ಒಂದೊಂದು ಮೂಲೆ ಬೆಣ್ಣೆಯಂತೆ ಸವೆಯಿತು. ಬೆವರು ಒರೆಸಿಕೊಂಡು ವಿಡಿಯೋ ಮತ್ತೊಮ್ಮೆ ಹಚ್ಚಿದಾಗಲೇ ಕಂಡದ್ದು: ಆ ಮನುಷ್ಯ ಗಾಡಿಯ ಬಲಕ್ಕೆ ಕುಳಿತಿದ್ದ. ತಾನು ಎಡಕ್ಕೆ, ಗೋಡೆಯ ನೆರಳಿಗೆಂದು, ಮಲಗಿದ್ದ. ಬಲಕ್ಕೆ ಬಿಚ್ಚುವ ದಿಕ್ಕು ಎಡಕ್ಕೆ ಬಿಗಿಯುವ ದಿಕ್ಕು. ಇಷ್ಟು ಹೊತ್ತೂ ಬಿಚ್ಚುತ್ತಿದ್ದೇನೆಂದುಕೊಂಡು ಮೈಯಲ್ಲಿದ್ದ ಕಸುವನ್ನೆಲ್ಲ ಹಾಕಿ ಬಿಗಿಯುತ್ತಿದ್ದ.

ಹೆಂಡತಿ ದಾನೇಶ್ವರಿ ಹಿತ್ತಲ ಬಾಗಿಲಲ್ಲಿ ನಿಂತು "ಬಿಚ್ಚಿತೇನ್ರಿ?" ಎಂದಾಗ "ಜಾಮ್ ಆಗೇತಿ" ಎಂದ. ಆಕೆ ಒಳಗೆ ಹೋದ ಮೇಲೆ ತುಳಸಿಗಿಡಕ್ಕೆ ಹಾಕಿದ ನೀರಿನಿಂದ ಹಸಿಯಾಗಿದ್ದ ಎರೆಮಣ್ಣನ್ನು ಬೆರಳಿನಿಂದ ಕೆರೆದು ಆ ಹೊಳಪಿನ ಮೇಲೆ ಮೆತ್ತಿದ. ಯಾಕೆ ಮೆತ್ತಿದೆ ಎಂದು ಆಗ ಕೇಳಿಕೊಳ್ಳಲಿಲ್ಲ. ಕೈ ತಾನಾಗಿಯೇ ಹೋಯಿತು, ಬೆಕ್ಕು ಮಣ್ಣು ಕೆರೆದು ಮುಚ್ಚುವ ಹಾಗೆ.

ನವಲಗುಂದದ ಹೊರಗೆ ಶಾಹಿದನ ಗ್ಯಾರೇಜು, ಅದಕ್ಕೆ ಹತ್ತಿಯೇ ಅವನ ತಾಯಿ ಶಮೀಮಾಬಿಯ ಚಹಾದ ಗೂಡಂಗಡಿ. ಗಾಡಿ ನಿಲ್ಲುವ ಮೊದಲೇ ಶಮೀಮಾಬಿ ಕೂಗಿದಳು.

"ಏನ್ ಗಂಗವ್ವಕ್ಕಾ, ಅಳಿಯಾನ ಗಾಡಿ ಮ್ಯಾಲ ಮೆರವಣಿಗಿ ಹೊಂಟೀಯಲ್ಲ! ಬಾ ಬೇ, ನೆರಳಿಗೆ ಕುಂದ್ರು."

"ಅಳಿಯಂದ್ರುದು ಅಲ್ಲ ಬೇ, ನಮ್ಮನಿಯವ್ರುದು," ಎಂದು ಶಿವಗಂಗವ್ವ ಸೀರೆ ಸರಿಪಡಿಸಿಕೊಂಡಳು. ಬೇಕೆಂದು ಅಂದದ್ದಲ್ಲ, ಇದ್ದದ್ದನ್ನು ಅಂದಳು. ಗೌರೀಶ ಕೀಲಿಯನ್ನು ಶಾಹಿದನಿಗೆ ಕೊಡುವಾಗ ಗಾಡಿ ತನ್ನದಲ್ಲವೆಂಬುದು ಎಲ್ಲರಿಗೂ ಗೊತ್ತಾಗಿಹೋದಂತೆ ಮುಖ ಬಿಸಿಯಾಯಿತು.

"ಬರ್ರಿ ಸರ್ರ. ಇವತ್ತ ಯಾವ ಬ್ಯಾನಿ?" ಶಾಹಿದ್ ಗಾಡಿಯ ಸೀಟು ಬಡಿದ. ಮಾತುಗಾರ, ಮೆಕ್ಯಾನಿಕನಾಗದಿದ್ದರೆ ಬಸ್ಸಿನ ಕಂಡಕ್ಟರನಾಗಿರುತ್ತಿದ್ದ. "ಈರಪ್ಪ ಕಾಕಾನ ಗಾಡಿ ಅಂದ್ರ ನಮಗ ಭಾಳ ಲಾಭ ಇಲ್ರಿ. ಅವ್ರು ಕೆಡಾಕ ಬಿಡತಿದ್ದಿಲ್ಲ."

ಹಿಂದಿನ ಗಾಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿದ, ಹೌದೆಂಬಂತೆ ತಲೆ ಆಡಿಸಿದ, ಎಡಕ್ಕೆ ಬಂದು ಕುಕ್ಕರುಗಾಲಿನಲ್ಲಿ ಕುಳಿತ. ಸ್ಕ್ರೂಡ್ರೈವರಿನ ತುದಿಯಿಂದ ಬೋಲ್ಟಿನ ಮೇಲಿನ ಮಣ್ಣು ಕೆರೆದ. ಮಣ್ಣು ಇನ್ನೂ ಅಲ್ಲಿಯೇ ಇತ್ತು. ಗೌರೀಶ ಬಿರುಕು ಬಿಟ್ಟ ಆ ಒಣಮಣ್ಣಿನ ಹಕ್ಕಳೆ ನೆಲಕ್ಕೆ ಬೀಳುವುದನ್ನು ನೋಡಿದ. ಅದರ ಒಳಮೈಯಲ್ಲಿ ತನ್ನ ಬೆರಳಿನ ಗುರುತು ಮೂಡಿರಬಹುದೇ ಎಂಬ ಹುಚ್ಚು ಯೋಚನೆ ಬಂತು. ಕಾಲು ತನ್ನಷ್ಟಕ್ಕೆ ಮುಂದೆ ಹೋಗಿ ಅದನ್ನು ತುಳಿದು ಪುಡಿಮಾಡಿತು.

"ಅಲಲಲ. ಇದೇನ್ರಿ ಸರ್ರ, ತಲಿ ಪೂರಾ ದುಂಡಗ ಆಗೇತಿ. ಯಾರರೆ ಕೈ ಹಾಕಿದ್ರೇನು?"

ಹಾಕಿದ್ದೆ, ನಾನು, ತಿರುವುಮುರುವು ಹಾಕಿದ್ದೆ. ಎಷ್ಟು ಸುಲಭದ ಮಾತು. ಹೇಳಿದ್ದರೆ ಶಾಹಿದ್ ಒಮ್ಮೆ ನಕ್ಕು ಮುಂದಿನ ಕೆಲಸ ನೋಡುತ್ತಿದ್ದ. ಬಹುಶಃ ದಿನಕ್ಕೊಬ್ಬರು ಅಂಥ ಮಾತು ಹೇಳಿ ಚಹಾ ಕುಡಿದು ಹೋಗುತ್ತಿರಬಹುದು. ಆದರೆ ಬೆಂಚಿನ ಮೇಲೆ ಶಿವಗಂಗವ್ವ ಬಸಿಯಲ್ಲಿ ಚಹಾ ಊದುತ್ತ ಈ ಕಡೆಗೇ ನೋಡುತ್ತಿದ್ದಳು. ಈರಪ್ಪನ ಗಾಡಿ, ಅವನು ಕೆಡಲು ಬಿಡುತ್ತಿರಲಿಲ್ಲ. ಗೌರೀಶನ ಬಾಯಿ ತೆರೆಯಿತು. ಅದರಿಂದ ಹೊರಟ ಮಾತು ಅವನು ಯೋಚಿಸಿದ್ದಲ್ಲ.

"ಇಲ್ಲ, ಯಾರೂ ಹಾಕಿಲ್ಲ. ಅಮಾಸಿಗೊಮ್ಮಿ ಅಲ್ಲೇ ಕಾಯಿ ಒಡೀತಾರಲ್ಲ, ಆ ಫುಟ್‌ರೆಸ್ಟಿಗೆ. ಕಾಯಿನೀರು ಒಳಗ ಇಳದಿಳದು ಜಂಗ್ ತಿಂದಿರಬೇಕು."

ಹೇಳಿದ ಕೂಡಲೇ ಅದು ಎಷ್ಟು ಕಲಿತವನ ಮಾತಿನಂತೆ ಕೇಳಿಸಿತೆಂದರೆ ಅವನಿಗೇ ಅಚ್ಚರಿಯಾಯಿತು. ಕಾಯಿನೀರು ಕಾರಣ, ತುಕ್ಕು ಕಾರ್ಯ, ಎಲ್ಲ ಕೂಡಿಬಂದ ಮಾತು. ಶಾಹಿದ್ ಘೊಳ್ಳೆಂದು ನಕ್ಕ.

"ಹಂಗ ಅನ್ರಿ! ತಿಂಗಳಾ ತಿಂಗಳಾ ಕಾಯಿನೀರು ಕುಡದು ಗಾಡಿ ಅಲ್ಲೇ ಮಲಕೊಂಡೈತಿ. ಅಮ್ಮೀ, ಕೇಳಿದಿ? ಇನ್ನ ಮ್ಯಾಲ ನಾನೂ ಬೋರ್ಡಿನ್ಯಾಗ ಬರಸ್ತೀನಿ, ಕಾಯಿನೀರು ಕುಡದ ಗಾಡಿಗೆ ಬ್ಯಾರೆ ರೇಟು ಅಂತ."

"ಯಾರ ಒಡೀತಾರ? ನೀನ ಏನ್ ಬೇ ಗಂಗವ್ವಾ?" ಶಮೀಮಾಬಿ ಚಹಾ ಸೋಸುವುದನ್ನು ನಿಲ್ಲಿಸಿದಳು. "ನಿಮ್ಮಾಗ ಹೆಣಮಕ್ಕಳು ಕಾಯಿ ಒಡೀತಾರೇನು? ನಾ ನೋಡೇ ಇಲ್ಲ."

ಶಿವಗಂಗವ್ವ ಬಸಿಯನ್ನು ಮೆಲ್ಲಗೆ ಬೆಂಚಿನ ಮೇಲೆ ಇಟ್ಟಳು. ಹಣೆಯ ವಿಭೂತಿ ಬೆವರಿಗೆ ಅಳಿಸಿ ಮಸುಕಾಗಿತ್ತು. "ನಾನ ಒಡೀತಿದ್ದೆ," ಎಂದಳು. ಆಮೇಲೆ, "ಅಳಿಯಂದ್ರು ಕಲತಾರ ಬೇ. ಅವ್ರು ಅಂದ್ರ ಖರೇನ ಇರತೈತಿ."

ಒಡೀತೇನಿ ಎನ್ನಲಿಲ್ಲ, ಒಡೀತಿದ್ದೆ ಎಂದಳು. ಮಾತಿನ ನಡುವೆ ಯಾವ ಜಾಗದಲ್ಲಿ ಅದು ಹಿಂದಿನ ಸಂಗತಿಯಾಯಿತು ಎಂದು ಗೌರೀಶ ಹುಡುಕುತ್ತ ನಿಂತ. ಈರಪ್ಪ ತೀರಿದ ಮೇಲಿನ ಮೊದಲ ಅಮಾವಾಸ್ಯೆ ಅವನಿಗೆ ನೆನಪಾಯಿತು. ಅಂಗಳದಲ್ಲಿ ಗಾಡಿ ತೊಳೆದು, ಹೆಡ್‌ಲೈಟಿಗೆ ವಿಭೂತಿ ಬಳಿದು, ಸೇವಂತಿಗೆ ಇಟ್ಟು, ಶಿವಗಂಗವ್ವ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದ್ದಳು: "ಒಡೀರಿ ಗೌರೀಶಪ್ಪಾರ." ಕಾಯಿ ಅವನ ಕೈಯಲ್ಲಿ ತೂಕವಾಗಿತ್ತು. ಒಂದೇ ಏಟಿಗೆ ಒಡೆಯದಿದ್ದರೆ? ಒಡೆದು ಒಳಗೆ ಕೆಟ್ಟಿದ್ದರೆ? ಬಾಜು ಮನೆಯ ಕಟ್ಟೆಯ ಮೇಲಿದ್ದವರು ಏನು ಅಂದಾರು, ಮನೆಯಳಿಯನ ಕೈಗುಣ ಎಂದಾರೇ? "ನನಗ ಸಾಲಿಗೆ ಹೊತ್ತಾತ್ರಿ ಅತ್ತಿ" ಎಂದು ಕಾಯಿಯನ್ನು ತಿರುಗಿ ಕೊಟ್ಟಿದ್ದ. ಆಕೆ ಅವನನ್ನೊಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡ ಒಡೆಯುತ್ತಿದ್ದ ಜಾಗಕ್ಕೇ, ಎಡಗಡೆಯ ಫುಟ್‌ರೆಸ್ಟಿನ ಕಬ್ಬಿಣಕ್ಕೇ ಎತ್ತಿ ಹಾಕಿದಳು. ಒಂದೇ ಏಟು. ಕಟ್ಟೆಯ ಮೇಲಿನಿಂದ ಯಾರೋ "ಗಂಗವ್ವಾ, ಹೆಣಮಗಳು ಕಾಯಿ ಒಡೀಬಾರದಲ್ಲ ಬೇ" ಎಂದಾಗ ಆಕೆ ತಿರುಗಿ ಹೇಳಿದ್ದಳು: "ಕೊಳ್ಳಾಗ ಲಿಂಗ ಐತಿ ನನಗ. ಕಾಯಿಗೇನು ಗೊತ್ತಾಗತೈತಿ, ಗಂಡಸಿನ ಕೈಯೋ ಹೆಂಗಸಿನ ಕೈಯೋ?" ಆ ದಿನದಿಂದ ಪ್ರತಿ ಅಮಾವಾಸ್ಯೆ ಆಕೆಯೇ. ಗಂಡ ಹೋದ ಮೇಲೆ ಆಕೆ ಯಾರನ್ನೂ ಕೇಳದೆ ತೆಗೆದುಕೊಂಡದ್ದು ಅದೊಂದೇ. ಅದೂ ಅವನು ಅಂಜಿ ಬಿಟ್ಟುಕೊಟ್ಟದ್ದು. ಈಗ ಅಂಜಿಯೇ ಕಸಿದುಕೊಂಡದ್ದು.

ಶಾಹಿದ್ ಚಿಮಣಿ ಎಣ್ಣೆ ಸುರಿದ, ಕಾದ, ಸುತ್ತಿಗೆಯಿಂದ ಬಡಿದ. ಬೋಲ್ಟಿನ ತಲೆಗೆ ಯಾವ ಪಾನಾವೂ ಹಿಡಿಯಲಿಲ್ಲ. ಬಲಕ್ಕೆ ಹೋಗಿ ನಟ್ಟು ತಿರುವಿ ನೋಡಿದ, ಅದೂ ಅಲುಗದಿದ್ದಾಗ ಗ್ರೈಂಡರಿನಿಂದ ಕೊಯ್ದು ತೆಗೆದ. ಕಿಡಿಗಳು ಗೌರೀಶನ ಚಪ್ಪಲಿಯವರೆಗೆ ಬಂದು ಆರಿದವು. ನಟ್ಟು ಹೋದರೂ ಬೋಲ್ಟು ಹೊರಡಲಿಲ್ಲ. ಗ್ಯಾಸಿನ ಉರಿ ಹಿಡಿದು ಚಿಮಟಾದ ಬುಡ ಕೆಂಪಗೆ ಕಾಯಿಸಿದ, ಮತ್ತೆ ಬಡಿದ, ಏಟು ತಪ್ಪಿ ಬೆರಳ ಗೆಣ್ಣು ಜಜ್ಜಿಕೊಂಡ, ಬಾಯಲ್ಲಿಟ್ಟುಕೊಂಡು ಉರ್ದುವಿನಲ್ಲಿ ಏನೋ ಅಂದ.

"ಬಾಯಿ ಹಿಡತದಾಗ ಇರ್ಲಿ ಲೇ, ಹಿರ್ಯಾರು ಕುಂತಾರ," ಎಂದಳು ಶಮೀಮಾಬಿ.

"ನಾ ಬೋಲ್ಟಿಗೆ ಅಂದೆ ಅಮ್ಮೀ, ಹಿರ್ಯಾರಿಗೆ ಅಲ್ಲ. ಎಂಥಾ ಹಟಾ ನೋಡು ಇದರದು. ಕುಡದ ಕಾಯಿನೀರೆಲ್ಲಾ ಕಕ್ಕಸ್ತೀನಿ."

 ಶಾಹಿದ್ ಕಾಯಿನೀರು ಎಂದಾಗಲೆಲ್ಲ ಗೌರೀಶ ಅತ್ತೆಯ ಕಡೆ ತಿರುಗದೆ ಸುತ್ತಿಗೆಯನ್ನೇ ನೋಡಿದ. ಬೋಲ್ಟು ಜಾಮ್ ಆಗಿರುವುದು ನಿಜವಾದರೆ ತಾನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂಬ ಲೆಕ್ಕ ಒಳಗೆ ಮೆಲ್ಲಗೆ ಶುರುವಾಗಿತ್ತು. ಜಂಗು ಇರಲಿ ದೇವರೇ, ಎಂದು ಬೇಡಿಕೊಂಡ. ಬೇರೆಯವರು ಮಳೆ ಬೇಡುತ್ತಾರೆ, ಮಕ್ಕಳನ್ನು ಬೇಡುತ್ತಾರೆ. ಕೊನೆಗೆ ಒಂದು ಏಟಿಗೆ ಬೋಲ್ಟು ಕೂದಲೆಳೆಯಷ್ಟು ಸರಿಯಿತು, ಇನ್ನೊಂದಕ್ಕೆ ಬೆರಳಷ್ಟು. ಶಾಹಿದ್ ಎಡಗಡೆಯಿಂದ ಅದನ್ನು ಇಕ್ಕಳದಲ್ಲಿ ಹಿಡಿದು ಎಳೆದಾಗ ಅದು ಚೀರುತ್ತ ಹೊರಬಂತು. ನಡುಮೈಯೆಲ್ಲ ಜಂಗು. ಕಂದು ಹಕ್ಕಳೆಗಳು ನೆಲಕ್ಕೆ ಉದುರಿದವು.

ಗೌರೀಶನಿಗೆ ಸಂತೋಷವಾಯಿತು. ಅದನ್ನು ಬೇರೆ ಹೆಸರಿನಿಂದ ಕರೆಯಲಾಗದು. "ನೋಡಿದ್ರ್ಯಾ?" ಎಂದುಬಿಟ್ಟ.

"ಹೌದ್ರಿ ಸರ್ರ, ನೀವಂದದ್ದ ಖರೆ," ಎಂದ ಶಾಹಿದ್. ಆಮೇಲೆ ಬೋಲ್ಟನ್ನು ಬಿಸಿಲಿಗೆ ಹಿಡಿದು, "ಕಾಯಿನೀರೋ, ಕಾಲುವಿ ನೀರೋ, ನಿಮ್ಮೂರ ಎರಿಮಣ್ಣೋ ಯಾಂವಗ್ಗೊತ್ತು. ನಾನೇನು ಜಂಗ್ ನೆಕ್ಕಿ ರುಚಿ ನೋಡ್ಲೇನು?" ಎಂದು ಅದನ್ನು ಗುಜರಿಯ ಬುಟ್ಟಿಗೆ ಎಸೆಯಲು ಕೈ ಎತ್ತಿದ.

"ಅದನ್ನ ನನಗ ಕೊಡಪಾ."

ಶಿವಗಂಗವ್ವ ಯಾವಾಗ ಎದ್ದು ಬಂದಳೋ, ಹಿಂದೆಯೇ ನಿಂತಿದ್ದಳು.

"ಏನ್ ಮಾಡ್ತೀರಿ ಕಾಕೂ ಅದನ್ನ? ಕೈ ಸುಡತೈತಿ, ತಡೀರಿ."

"ಅವ್ರ ಗಾಡೀದು. ಇರ್ಲಿ."

ನೀರಿಗೆ ಅದ್ದಿ ತಣ್ಣಗೆ ಮಾಡಿ ಕೊಟ್ಟ. ಆಕೆ ಅದನ್ನು ತಿರುಗಿಸಿ ನೋಡಿದಳು. ಜಂಗು ಹಿಡಿದ ಮೈಯನ್ನು ನೋಡಿದಳು, ತಲೆಯನ್ನೂ ನೋಡಿದಳು. ಮೈಯೆಲ್ಲ ಕಂದಾಗಿದ್ದ ಆ ಬೋಲ್ಟಿನ ತಲೆ ಮಾತ್ರ, ಪಾನಾ ಜಾರಿ ಜಾರಿ, ಹೊಸ ನಾಣ್ಯದಂತೆ ಹೊಳೆಯುತ್ತಿತ್ತು. ಜಂಗು ತಿಂದದ್ದು ಹೀಗೆ ಹೊಳೆಯುವುದಿಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಪಾತ್ರೆ ತಿಕ್ಕುವ ಹೆಂಗಸಿಗೆ ತಿಳಿಯದೇ? ಹೆಬ್ಬೆರಳಿನಿಂದ ಆ ದುಂಡು ತಲೆಯನ್ನೊಮ್ಮೆ ಸವರಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

ಹೊಸ ಬುಶ್, ಹೊಸ ಬೋಲ್ಟು ಹಾಕಿಸಿಕೊಂಡು ತಿರುಗಿ ಬರುವಾಗ ಗಾಡಿ ನೆಟ್ಟಗೆ ಓಡಿತು. ಹತ್ತಿಯ ಹೊಲಗಳ ನಡುವಿನ ದಾರಿಯಲ್ಲಿ ತಿರುವು ಬಂದಾಗಲೆಲ್ಲ ಗೌರೀಶ ಅಲುಗಾಟಕ್ಕಾಗಿ ಕಾದ, ಅದು ಬರಲಿಲ್ಲ. ಶಿವಗಂಗವ್ವ ಈ ಸಲ ಅವನ ಹೆಗಲು ಹಿಡಿದಿದ್ದಳು. ಮದುವೆಯಾದ ಮೇಲೆ ಮೊದಲ ಸಲ. ನಂಬಿಕೆಯಿಂದಲೋ, ಇನ್ನೊಂದು ಕೈ ಸೆರಗಿನ ಗಂಟು ಹಿಡಿದಿದ್ದರಿಂದಲೋ.

"ಅತ್ತಿ," ಎಂದ. "ಆ ಬೋಲ್ಟಿನ ತಲಿ..."

"ಏನ್ರಿ? ಗಾಳಿಗೆ ಕೇಳೂದಿಲ್ಲ."

ಗಾಡಿ ನಿಲ್ಲಿಸಿ ಹೇಳಬಹುದಿತ್ತು. ಬೇವಿನ ಮರವೊಂದು ಬಂತು, ಅದರ ಕೆಳಗೆ ಎಂದುಕೊಂಡ. ಮರ ಹಿಂದೆ ಹೋಯಿತು. "ಏನಿಲ್ರಿ" ಎಂದ.

"ಈಗ ಸೀದಾ ಹೊಂಟೈತಿ ನೋಡ್ರಿ," ಎಂದಳು ಆಕೆ.

ಮನೆಯಲ್ಲಿ ದಾನೇಶ್ವರಿ ಕೈಕಾಲಿಗೆ ನೀರು ಕೊಡುತ್ತ ದನಿ ತಗ್ಗಿಸಿ ಕೇಳಿದಳು, "ನೀವು ಅವತ್ತ ಬಿಚ್ಚಾಕ ಹೋಗಿದ್ದು ಶಾಹಿದಗ ಹೇಳಿದ್ರಿಲ್ಲೋ? ಇಲ್ಲಂದ್ರ ಪಾಪ ಅಂವಾ ಕಾರಣಾ ಎಲ್ಲಿ ಹುಡಕ್ತಾನ." ಗೌರೀಶ "ಹೂಂ" ಎಂದ. ಮೊದಲನೆಯದಕ್ಕಿಂತ ಈ ಸುಳ್ಳು ಎಷ್ಟು ಹಗುರಾಗಿ ಬಂತು ಎಂದು ಮುಖಕ್ಕೆ ನೀರು ಹಾಕಿಕೊಳ್ಳುತ್ತ ಯೋಚಿಸಿದ.

ಆಮೇಲಿನ ದಿನಗಳಲ್ಲಿ ಶಿವಗಂಗವ್ವ ಯಾವ ವ್ಯತ್ಯಾಸವನ್ನೂ ತೋರಿಸಲಿಲ್ಲ. ರೊಟ್ಟಿ ಬಡಿದಳು, ಬಿಸಿ ರೊಟ್ಟಿ ಮೊದಲು ಅವನ ತಾಟಿಗೆ ಹಾಕಿದಳು, ಊಟಾ ಮಾಡ್ರಿ ಎಂದಳು. ಆಕೆಯ ಮಾತಿನಲ್ಲಿ ಕೊಂಕು ಹುಡುಕಿ ಹುಡುಕಿ ಗೌರೀಶ ದಣಿದ. ಸಿಗದಿದ್ದಾಗ ಹಗುರಾಗಬೇಕಿತ್ತು, ಆಗಲಿಲ್ಲ. ಸಾಲೆಯಲ್ಲಿ ಟೈಪು ಮಾಡುವಾಗ ಬೆರಳು ನಿಂತುಬಿಡುತ್ತಿತ್ತು. ಜಂಗು ಇತ್ತಲ್ಲ, ಎಂದುಕೊಳ್ಳುತ್ತಿದ್ದ. ಕಾಯಿನೀರಿನಿಂದಲೇ ಬಂದಿದ್ದರೂ ಬಂದಿರಬಹುದಲ್ಲ. ನಿಜವಾದದ್ದನ್ನೇ ಹೇಳಿದೆ, ಆದರೆ ಅದು ನಿಜವೆಂಬ ಕಾರಣಕ್ಕೆ ಹೇಳಲಿಲ್ಲ. ಅದಕ್ಕೆ ಏನು ಹೆಸರು? ಯಾವ ಕ್ಲಾಸಿನಲ್ಲೂ ಅದನ್ನು ಕಲಿಸಿರಲಿಲ್ಲ, ಅಥವಾ ಕಲಿಸಿದ ಸಂಜೆ ಅವನು ತೂಕಡಿಸಿರಬೇಕು.

ಅಮಾವಾಸ್ಯೆ ಬಂತು. ಬೆಳಿಗ್ಗೆ ಗೌರೀಶ ತಾನೇ ಗಾಡಿ ತೊಳೆದ. ಹೊಸ ಬೋಲ್ಟಿನ ತಲೆಗೆ ಗ್ರೀಸು ಹಚ್ಚಿದ, ಯಾರಿಗಾದರೂ ಕಾಣಲಿ ಎಂಬಷ್ಟು ಹೆಚ್ಚು ಹಚ್ಚಿದ. ಶಿವಗಂಗವ್ವ ವಿಭೂತಿ ಬಳಿದಳು, ಹೂವಿಟ್ಟಳು, ಊದಿನಕಡ್ಡಿ ಹಚ್ಚಿದಳು. ಆಮೇಲೆ ಒಳಗೆ ಹೋಗಿ ಕಾಯಿಯನ್ನೂ ಒಂದು ಹಿತ್ತಾಳೆಯ ಬೋಗುಣಿಯನ್ನೂ ತಂದಳು. ಬೋಗುಣಿಯನ್ನು ಗಾಡಿಯಿಂದ ದೂರ, ಅಂಗಳದ ಆ ತುದಿಗೆ, ಬಾವಿಗೆ ಹೋಗುವ ದಾರಿಯ ಹತ್ತಿರ ಇಟ್ಟಳು.

"ಅತ್ತಿ, ಇಲ್ಲೇ ಒಡೀರಿ," ಎಂದ ಗೌರೀಶ. ದನಿ ಅವನು ಬಯಸಿದ್ದಕ್ಕಿಂತ ಜೋರಾಗಿತ್ತು. "ಮೊದಲಿನ ಜಾಗಾದಾಗ. ಗ್ರೀಸ್ ಹಚ್ಚೇನಿ. ಏನೂ ಆಗೂದಿಲ್ಲ."

"ಬ್ಯಾಡ ಬಿಡ್ರಿ. ಹೊಸಾ ಬೋಲ್ಟು."

"ಅದು ಕಾಯಿನೀರಿನಿಂದ ಆಗಿದ್ದಲ್ರಿ. ತಲಿಯ ಮೂಲಿ ತಿಂದದ್ದು ನಾನು. ರವಿವಾರ ಉಲ್ಟಾ ತಿರಿವಿದ್ದೆ."

ಹೇಳಿಬಿಟ್ಟ. ಇಷ್ಟೇ ಇತ್ತು. ಕಟ್ಟೆಯ ಮೇಲೆ ಇವತ್ತು ಯಾರೂ ಇರಲಿಲ್ಲ. ಅದನ್ನು ಅವನು ಮೊದಲೇ ನೋಡಿಕೊಂಡಿದ್ದ ಎಂಬುದೂ ಅವನಿಗೆ ಆ ಕ್ಷಣದಲ್ಲೇ ಹೊಳೆಯಿತು. ಗ್ಯಾರೇಜಿನಲ್ಲಿ ಎಲ್ಲರೆದುರು ಕಸಿದುಕೊಂಡದ್ದನ್ನು ಇಲ್ಲಿ ಯಾರೂ ಇಲ್ಲದಾಗ ತಿರುಗಿ ಕೊಡುತ್ತಿದ್ದ.

ಶಿವಗಂಗವ್ವ ಕುಕ್ಕರುಗಾಲಿನಲ್ಲಿ ಕುಳಿತು ಸೆರಗಿನ ಗಂಟು ಬಿಚ್ಚಿದಳು. ಆ ಹಳೆಯ ಬೋಲ್ಟು. ಜಂಗನ್ನು ತಿಕ್ಕಿ ತೊಳೆದಿದ್ದಳು, ಎಣ್ಣೆ ಸವರಿದ್ದಳು. ಸಣ್ಣ ಸುತ್ತಿಗೆಯಂತೆ ಅದನ್ನು ಹಿಡಿದು, ದುಂಡಾದ ತಲೆಯಿಂದ, ಕಾಯಿಯನ್ನು ತಿರುಗಿಸುತ್ತ ತಿರುಗಿಸುತ್ತ ನಡುವಿಗೆ ಬಡಿದಳು. ಟಕ್ ಟಕ್ ಟಕ್. ಕಾಯಿ ಬಿರಿಯಿತು. ಒಂದು ಹನಿಯೂ ಹೊರಗೆ ಚೆಲ್ಲದಂತೆ ನೀರೆಲ್ಲ ಬೋಗುಣಿಗೆ ಇಳಿಯಿತು. ಎರಡು ಹೋಳುಗಳನ್ನು ಗಾಡಿಯ ಮುಂದಿಟ್ಟು ಕೈಮುಗಿದಳು. ಆಮೇಲೆ ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿ, ಆ ಮೊದಲ ಅಮಾವಾಸ್ಯೆಯಲ್ಲಿ ಕಾಯಿ ಚಾಚಿದ ಹಾಗೆಯೇ, ಅವನ ಮುಂದೆ ಚಾಚಿದಳು.

"ಕುಡೀರಿ ಗೌರೀಶಪ್ಪಾರ," ಎಂದಳು. "ಮನಶ್ಯಾರಿಗೆ ಇದರಿಂದ ಜಂಗ್ ಹಿಡಿಯೂದಿಲ್ಲಲ್ರಿ?"

ಅವನು ಕುಡಿದ. ನೀರು ಸಿಹಿಯಾಗಿತ್ತು, ತಳದಲ್ಲಿ ಸ್ವಲ್ಪ ಎಣ್ಣೆಯ ವಾಸನೆ ಇತ್ತು. ಆಕೆ ಅವನು ಮುಗಿಸುವವರೆಗೆ ನೋಡುತ್ತ ನಿಂತು, ಖಾಲಿ ಬೋಗುಣಿ ಇಸಿದುಕೊಂಡು, ಬೋಲ್ಟನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಒಳಗೆ ಹೋದಳು. ಅವನು ಹೇಳಿದ್ದು ಆಕೆಗೆ ಹೊಸ ಸಂಗತಿಯೋ, ಗ್ಯಾರೇಜಿನಲ್ಲಿ ಹೆಬ್ಬೆರಳು ಸವರಿದಾಗಲೇ ತಿಳಿದಿತ್ತೋ. ಆ ಕೊನೆಯ ಮಾತು ಆಕೆ ಕೇಳಿದ್ದೋ, ಚುಚ್ಚಿದ್ದೋ, ಬರೀ ನಗಲೆಂದು ಅಂದದ್ದೋ, ಗೌರೀಶನಿಗೆ ತಿಳಿಯಲಿಲ್ಲ. ಬೋಲ್ಟಿಗೆ ಜಂಗು ಯಾವ ನೀರಿನಿಂದ ಬಂತು ಎಂಬುದೂ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.